ಕ್ಯಾಮೆರಾ, ಕಂಪ್ಯೂಟರ್, ನಡುವೆ ಒಂದು ವೈರ್

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜರಿದ ಮೇಲೆ ನಾವು ಹಲವರ ಬಾಯಲ್ಲಿ ಒಂದೇ ಮಾತು ಕೇಳಿದ್ದೇವೆ: "ಮನೆ, ತೋಟ ಮೊದಲು ಹೇಗಿತ್ತು ಅಂತ ತೋರಿಸಲು ಹಳೇ ಕ್ಯಾಮೆರಾದಲ್ಲಿರುವ ಫೋಟೋ ಬಿಟ್ಟರೆ ಬೇರೇನೂ ಇಲ್ಲ." ಕ್ಯಾಮೆರಾ ಇದೆ, ಜೊತೆಗೆ ಬಂದ ಸಿಡಿ ಕಳೆದುಹೋಗಿದೆ. ಅಂಗಡಿಯವರು "ಡ್ರೈವರ್ ಇಲ್ಲ, ಆಗಲ್ಲ" ಅಂತ ಕೈಚೆಲ್ಲುತ್ತಾರೆ. ಆದರೆ ಲಿನಕ್ಸ್ ಇರುವ ಕಂಪ್ಯೂಟರಿಗೆ ಚುಚ್ಚಿದರೆ ಸಾಮಾನ್ಯವಾಗಿ ಆ ಸಿಡಿ ಬೇಕೇ ಆಗುವುದಿಲ್ಲ. ಅದು ಹೇಗಾಯಿತು ಎನ್ನುವುದೇ ಈ ಕಥೆ.

ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದ್ದು 1975ರಲ್ಲಿ, ಅಮೆರಿಕದ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್. ಒಂದು ಚಿತ್ರವನ್ನು ಕ್ಯಾಸೆಟ್‌ಗೆ ಬರೆಯಲು 23 ಸೆಕೆಂಡ್ ಬೇಕಿತ್ತು. 1990ರ ದಶಕದಲ್ಲಿ ಇಂಥ ಕ್ಯಾಮೆರಾ ಜನರ ಕೈಗೆ ಬಂದಾಗ ಅದನ್ನು ಕಂಪ್ಯೂಟರಿಗೆ ಜೋಡಿಸುತ್ತಿದ್ದದ್ದು ಸೀರಿಯಲ್ ಕೇಬಲ್‌ನಿಂದ. ಅದರ ವೇಗ ಹೆಚ್ಚೆಂದರೆ ಸೆಕೆಂಡಿಗೆ 1,15,200 ಬಿಟ್. 300 ಕೆಬಿಯ ಒಂದು ಫೋಟೋ ಇಳಿಯಲು ಸುಮಾರು ಅರ್ಧ ನಿಮಿಷ. ಮದುವೆಯ ಐವತ್ತು ಫೋಟೋ ಇಳಿಯುವಷ್ಟರಲ್ಲಿ ಸೆಲ್ಲೇ ಮುಗಿದರೂ ಆಶ್ಚರ್ಯವಿಲ್ಲ.

ನಿಧಾನಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಒಂದೊಂದು ಕಂಪನಿಯ ಕ್ಯಾಮೆರಾ ಒಂದೊಂದು ಗುಟ್ಟಿನ ಭಾಷೆ ಆಡುತ್ತಿತ್ತು. ಕಂಪನಿಗಳು ತಂತ್ರಾಂಶ ಕೊಟ್ಟದ್ದು ವಿಂಡೋಸ್, ಮ್ಯಾಕ್‌ಗೆ ಮಾತ್ರ. ಲಿನಕ್ಸ್‌ನವರಿಗೆ ಏನೂ ಇಲ್ಲ. 1998ರಲ್ಲಿ ಸ್ಕಾಟ್ ಫ್ರಿಟ್ಸಿಂಗರ್ ಮತ್ತು ಇತರರು ಜಿಫೋಟೋ ಎಂಬ ಕೆಲಸ ಶುರುಮಾಡಿದರು. ವೈರಿನಲ್ಲಿ ಕ್ಯಾಮೆರಾ ಏನು ಹೇಳುತ್ತದೆ, ಕಂಪ್ಯೂಟರ್ ಏನು ಉತ್ತರಿಸುತ್ತದೆ ಎಂದು ಕದ್ದು ಕೇಳಿಸಿಕೊಂಡು ಭಾಷೆ ಕಲಿಯುವ ದಾರಿ ಅದು. ನಮ್ಮ ಲೆಕ್ಕದಲ್ಲಿ ಇದು ಒಳ್ಳೇ ವರದಿಗಾರನ ಕೆಲಸ. ಸಂಬಳವಿಲ್ಲದೆ ಊರೂರಿನವರು ಸೇರಿ ಬೆಳೆಸಿದ ಆ ಪಟ್ಟಿಯಲ್ಲಿ ಇಂದು 2,500ಕ್ಕೂ ಹೆಚ್ಚು ಮಾದರಿಗಳಿವೆ.

2000ದ ಹೊತ್ತಿಗೆ ಕಂಪನಿಗಳೂ ಪಿಟಿಪಿ ಎಂಬ ಒಂದೇ ಭಾಷೆಗೆ ಒಪ್ಪಿದವು. 2001ರ ಜನವರಿಯಲ್ಲಿ ಬಂದ ಲಿನಕ್ಸ್ 2.4ರಲ್ಲಿ ಯುಎಸ್‌ಬಿ ಬೆಂಬಲವೂ ಗಟ್ಟಿಯಾಯಿತು. ಗಡಿಯಾಚೆ ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ ಸರ್ಕಾರಿ ಶಾಲೆಗಳಿಗೆ ಲಿನಕ್ಸ್ ತಂದಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಂಪ್ಯೂಟರ್ ಕಲಿತರು.

ಈಗ ಕೆಲಸದ ಮಾತು. ಹಳೇ ಕ್ಯಾಮೆರಾ ಆನ್ ಮಾಡಿ ಚುಚ್ಚಿ. ಮೆನುವಿನಲ್ಲಿ ಯುಎಸ್‌ಬಿ ಆಯ್ಕೆ ಇದ್ದರೆ 'ಮಾಸ್ ಸ್ಟೋರೇಜ್' ಇಟ್ಟಾಗ ಅದು ಪೆನ್‌ಡ್ರೈವ್‌ನಂತೆ ತೆರೆದುಕೊಳ್ಳುತ್ತದೆ, 'ಪಿಟಿಪಿ' ಇಟ್ಟಾಗ ಕ್ಯಾಮೆರಾ ಎಂದೇ ಕಾಣುತ್ತದೆ. ಒಂದು ಆಗದಿದ್ದರೆ ಇನ್ನೊಂದು ನೋಡಿ. ಎರಡೂ ಆಗದಿದ್ದರೆ ಕಾರ್ಡ್ ತೆಗೆದು ಕಾರ್ಡ್ ರೀಡರ್‌ಗೆ ಹಾಕಿ. 'ಫಾರ್ಮ್ಯಾಟ್ ಮಾಡಲೇ' ಎಂದು ಕೇಳಿದರೆ ಮಾತ್ರ ಬೇಡ ಅನ್ನಿ, ಯಾರು ಎಷ್ಟೇ ಧೈರ್ಯ ಹೇಳಿದರೂ.

ಅಂದಹಾಗೆ, ಇದನ್ನು ನೀವು ಓದುತ್ತಿರುವುದು ಆಂಡ್ರಾಯ್ಡ್ ಮೊಬೈಲ್‌ನಲ್ಲಾದರೆ ಅದರ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ. ವೈರ್ ಚುಚ್ಚಿದಾಗ 'ಫೈಲ್ ಟ್ರಾನ್ಸ್‌ಫರ್' ಎಂದು ಕೇಳುತ್ತದಲ್ಲ, ಆ ಎಂಟಿಪಿ ಹುಟ್ಟಿದ್ದು ಕ್ಯಾಮೆರಾಗಳ ಪಿಟಿಪಿಯಿಂದ.