ಓದುವವನೊಬ್ಬ, ತಿರುಗಿಸುವವರಿಬ್ಬರು

ಎರಡನೆಯ ಮಹಾಯುದ್ಧ ಮುಗಿದ ಹೊಸತು. ಅಮೆರಿಕದ ಮಿಷಿಗನ್ ರಾಜ್ಯದ ಟ್ರಾವರ್ಸ್ ಸಿಟಿ ಎಂಬ ಊರಿನ ಕಾರ್ಖಾನೆಯಲ್ಲಿ ಲೋಹ ಕೊರೆಯುವ ಯಂತ್ರವೊಂದರ ಸುತ್ತ ಮೂವರು ನಿಂತಿದ್ದಾರೆ. ಒಬ್ಬನ ಕೈಯಲ್ಲಿ ಅಂಕಿಗಳ ಪಟ್ಟಿ. ಅವನು ಗಟ್ಟಿಯಾಗಿ ಓದುತ್ತಾನೆ. ಉಳಿದಿಬ್ಬರಲ್ಲಿ ಒಬ್ಬ ಉದ್ದದ ಹಿಡಿಯನ್ನು, ಇನ್ನೊಬ್ಬ ಅಗಲದ ಹಿಡಿಯನ್ನು, ಕೇಳಿದ ಅಂಕಿಗೆ ತಕ್ಕಂತೆ ತಿರುಗಿಸುತ್ತಾರೆ. ಅಲಗು ಒಂದು ಬಿಂದುವಿನಿಂದ ಮತ್ತೊಂದಕ್ಕೆ ಸರಿಯುತ್ತದೆ. ಇಂದು ಸಿ.ಎನ್.ಸಿ. ಎಂದು ಕರೆಯುವ, ಅಂಕಿಗಳ ಆಜ್ಞೆಯಂತೆ ಲೋಹವನ್ನು ಕಡೆಯುವ ಯಂತ್ರಗಳ ವಂಶವೃಕ್ಷದ ಬೇರು ಈ ದೃಶ್ಯದಲ್ಲಿದೆ.

ಆ ಕಾರ್ಖಾನೆಯ ಜಾನ್ ಪಾರ್ಸನ್ಸ್ ಹೆಲಿಕಾಪ್ಟರಿನ ರೆಕ್ಕೆಗಳನ್ನು ಮಾಡಿಸುತ್ತಿದ್ದವನು. ರೆಕ್ಕೆಯ ಬಾಗು ತಪ್ಪಿದರೆ ಹಾರುವವನ ಪ್ರಾಣಕ್ಕೇ ಸಂಚಕಾರ. ಅಲ್ಲಿಯವರೆಗೆ ಬಾಗಿನ ಮೇಲಿನ ಕೆಲವೇ ಬಿಂದುಗಳನ್ನು ಗುರುತಿಸಿ, ನಡುವಣ ರೇಖೆಯನ್ನು ಕೈಯಿಂದ ಎಳೆದು ಕೂಡಿಸುವುದು ವಾಡಿಕೆ. ಪಾರ್ಸನ್ಸನ ಸಹೋದ್ಯೋಗಿ ಫ್ರ್ಯಾಂಕ್ ಸ್ಟ್ಯೂಲೆನ್, ರಂಧ್ರಪತ್ರಗಳಿಂದ ಲೆಕ್ಕ ಮಾಡುವ ಐ.ಬಿ.ಎಂ. ಯಂತ್ರಗಳನ್ನು ಬಳಸಿ ಎಷ್ಟೋ ಹೆಚ್ಚು ಬಿಂದುಗಳನ್ನು ಗುಣಿಸಿ ತೆಗೆಯಬಹುದೆಂದು ತೋರಿಸಿದ. ರಂಧ್ರಪತ್ರದ ಕಲ್ಪನೆಯಾದರೂ ಹಳೆಯದೇ. ಫ್ರಾನ್ಸಿನ ಲಿಯಾನ್ ನಗರದ ಜಕಾರ್ಡ್, 1804ರ ಹೊತ್ತಿಗೇ ರಂಧ್ರಗಳ ಭಾಷೆಯಲ್ಲಿ ರೇಷ್ಮೆಯ ಮಗ್ಗಕ್ಕೆ ಚಿತ್ತಾರವನ್ನು ಕಲಿಸಿದ್ದ.

ಅಂಕಿಗಳು ಸಿದ್ಧವಾಗಿರುವಾಗ ಓದುವವನೇಕೆ, ತಿರುಗಿಸುವವರೇಕೆ? ಈ ಪ್ರಶ್ನೆಯ ಬೆನ್ನು ಹತ್ತಿದ ಪಾರ್ಸನ್ಸನಿಗೆ 1949ರಲ್ಲಿ ಅಮೆರಿಕದ ವಾಯುದಳದ ಧನಸಹಾಯ ದೊರೆಯಿತು. ಕೆಲಸ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ಪ್ರಯೋಗಶಾಲೆಗೆ ಹೋಯಿತು. 1952ರಲ್ಲಿ ಅಲ್ಲಿ ಪ್ರದರ್ಶಿತವಾದ ಯಂತ್ರದಲ್ಲಿ ಓದುವವನ ಸ್ಥಾನಕ್ಕೆ ರಂಧ್ರಗಳ ಕಾಗದಪಟ್ಟಿ, ತಿರುಗಿಸುವವರ ಸ್ಥಾನಕ್ಕೆ ಮೋಟಾರುಗಳು ಬಂದಿದ್ದವು. ಅದನ್ನು ನಡೆಸುವ ರೇಡಿಯೋ ವಾಲ್ವುಗಳಿಗೂ ರಿಲೇಗಳಿಗೂ ಶೀತಕ ಪೆಟ್ಟಿಗೆಯಷ್ಟು ದೊಡ್ಡ ಐದು ಬೀರುಗಳು ಬೇಕಾದವು.

ಹೀಗೆ ಮೂವರೂ ತೆರೆಯ ಮರೆಗೆ ಸರಿದರು. ಅವರೊಡನೆ ಮತ್ತೇನು ಸರಿಯಿತು? ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಅದೇ ಕಾಲದಲ್ಲಿ ಬೇರೊಂದು ಮಾರ್ಗವನ್ನು ಪರೀಕ್ಷಿಸಿದ್ದರು. ನುರಿತ ಕುಶಲಕರ್ಮಿ ಒಮ್ಮೆ ತನ್ನ ಕೈಯಾರೆ ಕೆಲಸ ಮಾಡಬೇಕು; ಆ ಚಲನೆಯನ್ನು ಸುರುಳಿಯಲ್ಲಿ ಮುದ್ರಿಸಿ ಯಂತ್ರ ಮತ್ತೆ ಮತ್ತೆ ನುಡಿಸಬೇಕು. ಗಾಯಕನ ಕಂಠವನ್ನು ತಟ್ಟೆ ಉಳಿಸಿಕೊಂಡಂತೆ! ಆ ಮಾರ್ಗ ಬೆಳೆಯಲಿಲ್ಲ. ಕೆಲಸದ ಹಿಡಿತ ಕರ್ಮಿಯ ಕೈಯಲ್ಲಿ ಉಳಿಯುವುದು ಆಡಳಿತಕ್ಕೆ ಬೇಡವಾಗಿತ್ತೆಂದು ಇತಿಹಾಸಕಾರ ಡೇವಿಡ್ ನೋಬಲ್ 1984ರ ತನ್ನ ಗ್ರಂಥದಲ್ಲಿ ವಾದಿಸಿದ. ಕೈಗೆ ನಿಲುಕದ ಬಾಗುಗಳನ್ನು ಅಂಕಿಯೇ ಸಾಧಿಸಬೇಕೆಂಬುದೂ ನಿಜವೇ. ಆದರೂ ಕಾರ್ಖಾನೆಗಳಲ್ಲಿ ಬುದ್ಧಿ ಕಚೇರಿಯ ಮೇಜಿಗೂ ಬೆವರು ಯಂತ್ರದ ಬುಡಕ್ಕೂ ಹಂಚಿಹೋದದ್ದನ್ನು ಅಲ್ಲಗಳೆಯಲಾಗದು.

ಕಥೆ ಇಲ್ಲಿಗೇ ಮುಗಿದಿದ್ದರೆ ವಿಷಾದವೇ ಉಳಿಯುತ್ತಿತ್ತು. ಅದು ಮನೆಯ ಹಿತ್ತಿಲಿಗೆ ಹೊರಳಿತು. ಐದು ಬೀರುಗಳ ಕೆಲಸ ಕ್ರಮೇಣ ಒಂದು ಚಿಪ್ಪಿನೊಳಕ್ಕೆ ಸೇರಿತು. ಅಮೆರಿಕದ ಸರ್ಕಾರಿ ಮಾಪನ ಸಂಸ್ಥೆಯೊಂದು 1990ರ ದಶಕದಲ್ಲಿ ರೂಪಿಸಿದ ನಿಯಂತ್ರಣ ಕ್ರಮವಿಧಿ ಸಾರ್ವಜನಿಕರಿಗೆ ಮುಕ್ತವಾಗಿತ್ತು. ಹವ್ಯಾಸಿಗಳು ಅದನ್ನು ಬೆಳೆಸಿ ಲಿನಕ್ಸ್ ಸಿ.ಎನ್.ಸಿ. ಎಂದು ಹೆಸರಿಟ್ಟರು. 2009ರಲ್ಲಿ ಹೊರಬಂದ ಗರ್ಬಲ್ ಎಂಬ ಕ್ರಮವಿಧಿಗೆ ಅಂಗೈಯಗಲದ ಆರ್ಡುಯಿನೋ ಹಲಗೆಯೇ ಸಾಕಾಯಿತು. ಅಲ್ಯೂಮಿನಿಯಂ ಪಟ್ಟಿ, ಮರದ ಹಲಗೆ, ಮೂರು ತಿರುಪುಗಳು, ಮೂರು ಮೋಟಾರುಗಳು: ಇವಿಷ್ಟರಿಂದ ಮನೆಯ ಕೋಣೆಯಲ್ಲಿಯೇ ಯಂತ್ರ ಎದ್ದು ನಿಲ್ಲುತ್ತದೆ.

ಆದರೆ ಅಂಕಿ ನುಡಿದದ್ದನ್ನೆಲ್ಲ ಲೋಹ ನಡೆಸಿಕೊಡುವುದಿಲ್ಲ. ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ತಿರುಪು ಒಂದು ಸುತ್ತಿಗೆ 5 ಮಿಲಿಮೀಟರು ಸರಿಸುತ್ತದೆ. ಆದ್ದರಿಂದ ಒಂದು ಹೆಜ್ಜೆಗೆ 0.025 ಮಿಲಿಮೀಟರು. ಕಾಗದದ ಮೇಲೆ ಇದು ನಿರ್ದುಷ್ಟ. ಆದರೆ ದಿಕ್ಕು ಬದಲಿಸಿದಾಗ ತಿರುಪಿಗೂ ಅದರ ನಟ್ಟಿಗೂ ನಡುವಣ ಸಡಿಲ ಮೊದಲ ಕೆಲವು ಹೆಜ್ಜೆಗಳನ್ನು ನುಂಗಿಬಿಡುತ್ತದೆ. ಭಾರ ಹೆಚ್ಚಾಗಿ ಮೋಟಾರು ಹೆಜ್ಜೆ ತಪ್ಪಿದರೆ, ಹಿಂತಿರುಗಿ ನೋಡುವ ಕಣ್ಣಿಲ್ಲದ ಇಂಥ ಯಂತ್ರಕ್ಕೆ ಅದು ತಿಳಿಯುವುದೇ ಇಲ್ಲ. ಮನೆಯಲ್ಲಿ ಯಂತ್ರ ಕಟ್ಟುವವನು ಮುಳ್ಳಿನ ಮಾಪಕ ಹಿಡಿದು ಅಳೆಯಬೇಕು, ನಟ್ಟನ್ನು ಬಿಗಿಯಬೇಕು, ಮತ್ತೆ ಅಳೆಯಬೇಕು. ಅಲಗು ಕಿರುಗುಟ್ಟುವ ದನಿಯಿಂದಲೇ ಲೋಹದ ನೋವನ್ನು ಅರಿಯಬೇಕು.

ಟ್ರಾವರ್ಸ್ ಸಿಟಿಯ ಆ ಮೂವರು ಇಲ್ಲಿ ಮರಳಿ ಬಂದಿದ್ದಾರೆ, ಒಬ್ಬನೇ ಮನುಷ್ಯನಾಗಿ. ಲೆಕ್ಕ ಹಾಕುವವನೂ ಅವನೇ, ತಿರುಪು ಜೋಡಿಸುವವನೂ ಅವನೇ, ತಪ್ಪಿದರೆ ಲಜ್ಜಿತನಾಗುವವನೂ ಅವನೇ. ಕಾರ್ಖಾನೆಯಲ್ಲಿ ಅಗಲಿದ್ದ ಅಂಕಿಯೂ ಕೈಯೂ ಹಿತ್ತಿಲ ಕೋಣೆಯಲ್ಲಿ ಮತ್ತೆ ಒಂದೇ ಮಣೆಯ ಮೇಲೆ ಕುಳಿತಿವೆ. ಅಲ್ಲಿ ಮೊದಲ ದಿನ ಕಡೆದ ಸೊಟ್ಟ ವೃತ್ತದ ಬೆಲೆಯನ್ನು ಈ ದೃಷ್ಟಿಯಿಂದ ಕಟ್ಟಬೇಕು.