ಪಾವಗಡ ತಾಲ್ಲೂಕು: ಸಂಕ್ಷಿಪ್ತ ಪರಿಚಯ

ಭೌಗೋಳಿಕ ಸ್ಥಿತಿ
ಪಾವಗಡವು ತುಮಕೂರು ಜಿಲ್ಲೆಯ ಗಡಿ ತಾಲ್ಲೂಕಾಗಿರುತ್ತದೆ. ಮೂರು ದಿಕ್ಕುಗಳಲ್ಲಿ ಆಂಧ್ರಪ್ರದೇಶವು ಇದನ್ನು ಸುತ್ತುವರಿದಿದ್ದು, ಪಶ್ಚಿಮದಲ್ಲಿ ಚಿತ್ರದುರ್ಗ ಜಿಲ್ಲೆಗೆ ಹೊಂದಿಕೊಂಡಿದೆ. ನಾಗಲಮಡಿಕೆಯ ಬಳಿ ಉತ್ತರ ಪಿನಾಕಿನಿ ನದಿಯು ಹರಿಯುತ್ತದೆ. ಮಳೆಯು ಅಲ್ಪವಾಗಿದ್ದು, ಕಡಲೆಕಾಯಿ ಇಲ್ಲಿಯ ಮುಖ್ಯ ಬೆಳೆ. ಅಂತರ್ಜಲದಲ್ಲಿನ ಅಧಿಕ ಫ್ಲೋರೈಡ್ ಅಂಶವು ದೀರ್ಘಕಾಲದ ಸಮಸ್ಯೆಯಾಗಿರುತ್ತದೆ. ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಸ್ಥಾಪಿಸಲಾದ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ 2019ರಲ್ಲಿ ಪೂರ್ಣಗೊಂಡಿತು. ಇದಕ್ಕಾಗಿ ರೈತರ ಜಮೀನನ್ನು ಖರೀದಿಸದೆ ಗುತ್ತಿಗೆಗೆ ಪಡೆಯಲಾಗಿದ್ದು, ಒಡೆತನವು ರೈತರಲ್ಲಿಯೇ ಉಳಿದಿರುತ್ತದೆ.

ಜನಸಂಖ್ಯೆ ಮತ್ತು ಭಾಷೆ
2011ರ ಜನಗಣತಿಯಂತೆ ತಾಲ್ಲೂಕಿನ ಜನಸಂಖ್ಯೆಯು ಎರಡೂವರೆ ಲಕ್ಷಕ್ಕೆ ಸಮೀಪವಾಗಿದೆ. ಬಹುಪಾಲು ಗ್ರಾಮಗಳಲ್ಲಿ ಮನೆಮಾತು ತೆಲುಗು. ಆಡಳಿತ ಭಾಷೆ ಕನ್ನಡ.

ಆಡಳಿತ
ತಾಲ್ಲೂಕು ಆಡಳಿತಕ್ಕೆ ತಹಶೀಲ್ದಾರರು ಮುಖ್ಯಸ್ಥರು. ಕಸಬಾ, ನಾಗಲಮಡಿಕೆ, ನಿಡಗಲ್ ಹಾಗೂ ವೈ.ಎನ್. ಹೊಸಕೋಟೆ ಎಂಬ ನಾಲ್ಕು ಹೋಬಳಿಗಳಿವೆ. ತಾಲ್ಲೂಕು ಮಧುಗಿರಿ ಉಪವಿಭಾಗಕ್ಕೆ ಸೇರಿದೆ. ಲೋಕಸಭೆಗೆ ಮಾತ್ರ ಚಿತ್ರದುರ್ಗ ಕ್ಷೇತ್ರ. ಪಾವಗಡ ವಿಧಾನಸಭಾ ಕ್ಷೇತ್ರವು ಪರಿಶಿಷ್ಟ ಜಾತಿಗೆ ಮೀಸಲಾಗಿದೆ.

ನಾಗರಿಕರ ಗಮನಕ್ಕೆ
ಜಾತಿ, ಆದಾಯ ಹಾಗೂ ವಾಸಸ್ಥಳ ದೃಢೀಕರಣ ಪತ್ರಗಳಿಗೆ ಆಯಾ ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ಖಾತೆ ಬದಲಾವಣೆಯ ಆದೇಶದ ವಿರುದ್ಧದ ಮೇಲ್ಮನವಿಯನ್ನು ಮಧುಗಿರಿ ಉಪವಿಭಾಗಾಧಿಕಾರಿಗಳಿಗೆ ಸಲ್ಲಿಸತಕ್ಕದ್ದು. ಖಾತೆದಾರರು ಮರಣ ಹೊಂದಿದಲ್ಲಿ ವಾರಸುದಾರರು ಪೌತಿ ಖಾತೆ ಮಾಡಿಸಿಕೊಳ್ಳುವುದು ಅವಶ್ಯಕ. ಗುತ್ತಿಗೆಗೆ ನೀಡಿದ ಜಮೀನಿಗೂ ಇದು ಅನ್ವಯಿಸುತ್ತದೆ. ಗಡಿಯಾಚೆ ಜಮೀನು ಹೊಂದಿರುವವರು ಅದರ ದಾಖಲೆಗಳನ್ನು ಆಂಧ್ರಪ್ರದೇಶದ ಸಂಬಂಧಪಟ್ಟ ಕಂದಾಯ ಕಚೇರಿಯಿಂದಲೇ ಪಡೆಯಬೇಕಾಗುತ್ತದೆ.