ಹವ್ಯಾಸಿಗಳು ಕಟ್ಟಿದ ವಿಮಾನಗಳಲ್ಲಿ ಕನೆಕ್ಟರ್‌ಗಳ ಕಿಲುಬು ಮತ್ತು ಅದರ ತಡೆ

ಕಿಟ್ ತರಿಸಿ ಅಥವಾ ನಕ್ಷೆ ಹಿಡಿದು ಹವ್ಯಾಸಿಗಳೇ ಕಟ್ಟುವ ಲಘು ವಿಮಾನಗಳಲ್ಲಿ, ತಂತಿಗಳು ಒಂದಕ್ಕೊಂದು ಮತ್ತು ಉಪಕರಣಗಳಿಗೆ ಕೂಡುವ ಜಾಗದಲ್ಲಿ ಲೋಹ ನಶಿಸದಂತೆ ಕಾಯುವ ಕ್ರಮಗಳನ್ನು ಈ ಲೇಖನ ವಿವರಿಸುತ್ತದೆ. ಅಮೆರಿಕದಲ್ಲಿ ಈ ಹವ್ಯಾಸಕ್ಕೆ ಸಂಘಟಿತ ರೂಪ ಬಂದದ್ದು 1953ರಲ್ಲಿ, ಪಾಲ್ ಪೊಬೆರೆಜ್ನಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಆರಂಭಿಸಿದ ಮೇಲೆ. ಇಲ್ಲಿ ಬಡಗಿ, ತಗಡು ಕೆಲಸದವ, ವೈರಿಂಗ್ ಮಾಡುವವ ಎಲ್ಲವೂ ಒಬ್ಬನೇ. ಕನೆಕ್ಟರ್‌ಗಳ ಗುಣಮಟ್ಟ ವಿಮಾನದಿಂದ ವಿಮಾನಕ್ಕೆ ಬಹಳ ವ್ಯತ್ಯಾಸವಾಗಲು ಇದೊಂದು ಕಾರಣ.

‘ತುಕ್ಕು’ ಎಂಬ ಮಾತು ಈ ವಿಷಯಕ್ಕೆ ಅಷ್ಟಾಗಿ ಒಪ್ಪುವುದಿಲ್ಲ. ಕನೆಕ್ಟರ್‌ನಲ್ಲಿ ಕಬ್ಬಿಣ ಕಡಿಮೆ. ಕಾಣುವುದು ತಾಮ್ರದ ಹಸಿರು ಕಿಲುಬು, ಬೆಳ್ಳಿಯ ಕಪ್ಪು, ಅಲ್ಯುಮಿನಿಯಂನ ಬಿಳಿ ಪುಡಿ. ಕಾಣದೆ ಕಾಡುವುದು ತವರದ ಆಕ್ಸೈಡ್.

ತೇವ ಮತ್ತು ಜೋಡಿ ಲೋಹಗಳು

ತಾಮ್ರದ ಪ್ರಮಾಣಿತ ವಿಭವ +0.34 ವೋಲ್ಟ್, ಅಲ್ಯುಮಿನಿಯಂನದು −1.66 ವೋಲ್ಟ್. ಆಕ್ಸೈಡ್ ಪದರದಿಂದಾಗಿ ನಿಜವಾದ ಅಂತರ ಇದಕ್ಕಿಂತ ಕಡಿಮೆ; ಆದರೂ ಉಪ್ಪುನೀರಿನ ಒಂದು ಹನಿ ಎರಡನ್ನೂ ತೋಯಿಸಿದರೆ ಅಲ್ಯುಮಿನಿಯಂ ಕರಗತೊಡಗುತ್ತದೆ. ನೀರು ಮಳೆಯಿಂದಲೇ ಬರಬೇಕಿಲ್ಲ. ಎತ್ತರದಲ್ಲಿ ತಣ್ಣಗಾದ ವಿಮಾನ ಬಿಸಿ ತೇವದ ಗಾಳಿಗೆ ಇಳಿದಾಗ ಕನೆಕ್ಟರ್‌ನ ಒಳಗೇ ಹನಿಗಟ್ಟುತ್ತದೆ. ತಂತಿಯನ್ನು ಕನೆಕ್ಟರ್‌ಗಿಂತ ಕೆಳಕ್ಕೆ ಒಮ್ಮೆ ಇಳಿಬಿಟ್ಟು ಮೇಲೆ ತಂದರೆ ಮೇಲ್ಮೈ ನೀರು ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಖರ್ಚಿಲ್ಲದ ಉಪಾಯ; ಮರೆಯುವುದೂ ಇದನ್ನೇ.

ಸಣ್ಣಲುಗಾಟದ ಸವೆತ

ನೀರಿಲ್ಲದೆಯೂ ಕನೆಕ್ಟರ್ ಕೆಡುತ್ತದೆ. ನಿಮಿಷಕ್ಕೆ 2,400 ಸುತ್ತು ತಿರುಗುವ ನಾಲ್ಕು ಸಿಲಿಂಡರಿನ, ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಸೆಕೆಂಡಿಗೆ 80 ದಹನಗಳಾಗುತ್ತವೆ, ಗಂಟೆಗೆ 2,88,000. ಈ ಕಂಪನದಲ್ಲಿ ಒಂದು ಪಾಲು ಪಿನ್ನಿಗೆ ತಲುಪಿದರೂ, ಪಿನ್ನು ಸಾಕೆಟ್ಟಿನೊಳಗೆ ಕೆಲವೇ ಮೈಕ್ರೋಮೀಟರ್‌ಗಳಷ್ಟು ಹಿಂದೆಮುಂದೆ ಉಜ್ಜಿಕೊಳ್ಳುತ್ತದೆ. ತವರ ಮೃದು, ಅದರ ಆಕ್ಸೈಡ್ ಗಡಸು. ಜೋಡಿಸುವಾಗ ಆ ಗಡಸು ಪೊರೆ ಒಡೆದು ಶುದ್ಧ ಲೋಹ ಲೋಹವನ್ನು ಮುಟ್ಟುವುದರಿಂದಲೇ ತವರದ ಸಂಪರ್ಕ ಇಷ್ಟು ಅಗ್ಗದಲ್ಲಿ ಇಷ್ಟು ಚೆನ್ನಾಗಿರುತ್ತದೆ. ಅದೇ ಗುಣ ಇಲ್ಲಿ ತಿರುಗುಬಾಣ: ಪ್ರತಿ ಉಜ್ಜಿಗೂ ಹೊಸ ಲೋಹ ಬಯಲಾಗುತ್ತದೆ, ಬಯಲಾದದ್ದು ಆಕ್ಸೈಡಾಗುತ್ತದೆ, ಉದುರಿದ ಪುಡಿ ನಡುವೆ ಸೇರಿಕೊಳ್ಳುತ್ತದೆ. ಮಿಲಿಓಮ್‌ಗಳಲ್ಲಿದ್ದ ರೋಧ ಓಮ್‌ಗಳಿಗೆ ಏರಬಹುದು. ದೀಪದ ಮಂಡಲದಲ್ಲಿ ಇದು ಬಹುಕಾಲ ಗೊತ್ತಾಗದು. ತೈಲದ ಒತ್ತಡ ತಿಳಿಸುವ ಸೆನ್ಸರಿನ ಅತ್ಯಲ್ಪ ವಿದ್ಯುತ್ತಿಗೆ ಮಾತ್ರ ಆ ಪುಡಿಯೇ ಗೋಡೆ.

ತವರದ ಸಂಪರ್ಕಕ್ಕೆ ಕನಿಷ್ಠ 100 ಗ್ರಾಂ ಒತ್ತುಬಲ ಬೇಕೆಂಬುದು ಉದ್ಯಮದ ಹಳೆಯ ನಿಯಮ. ಕಡಿಮೆ ಬಲದ, ಕಡಿಮೆ ವಿದ್ಯುತ್ತಿನ ಜಾಗಕ್ಕೆ ನಿಕಲ್ ಮೇಲೆ ಚಿನ್ನ ಲೇಪಿಸಿದ ಪಿನ್ನೇ ಸರಿ. ಚಿನ್ನದ ಪಿನ್ನನ್ನು ತವರದ ಸಾಕೆಟ್ಟಿಗೆ ಸೇರಿಸುವುದು ಉಳಿತಾಯವಲ್ಲ: ತವರ ಚಿನ್ನದ ಮೇಲೆ ಮೆತ್ತಿಕೊಂಡು ಅಲ್ಲೇ ಆಕ್ಸೈಡಾಗುತ್ತದೆ, ಚಿನ್ನಕ್ಕೆ ಕೊಟ್ಟ ದುಡ್ಡು ದಂಡ.

ಕ್ರಿಂಪ್

ತಡೆಯ ನಿಜವಾದ ಕೆಲಸ ನಡೆಯುವುದು ಒತ್ತುಜೋಡಣೆಯಲ್ಲಿ. ಬೆಸುಗೆಯಿಲ್ಲದ ಟರ್ಮಿನಲ್‌ಗಳನ್ನು ವಿಮಾನ ಮತ್ತು ಹಡಗುಗಳಿಗೆ ಒದಗಿಸಲು 1941ರಲ್ಲಿ ಯು. ಎ. ವಿಟೇಕರ್ ಅಮೆರಿಕದಲ್ಲಿ ಕಂಪನಿಯೊಂದನ್ನು ಆರಂಭಿಸಿದರು. ಏರ್‌ಕ್ರಾಫ್ಟ್-ಮರೀನ್ ಪ್ರಾಡಕ್ಟ್ಸ್ ಎಂಬ ಹೆಸರಿನ ಮೊದಲಕ್ಷರಗಳೇ ಮುಂದೆ ‘ಎಎಂಪಿ’ ಆದವು. ಸರಿಯಾದ ಇಕ್ಕಳದಿಂದ ಒತ್ತಿದಾಗ ತಂತಿಯ ಎಳೆಗಳೂ ಟರ್ಮಿನಲ್ಲಿನ ಕೊಳವೆಯೂ ಗಾಳಿ ನುಸುಳದಷ್ಟು ಬಿಗಿಯಾಗಿ ಒಂದಾಗುತ್ತವೆ. ಗಾಳಿ ಹೋಗದ ಕಡೆ ಕಿಲುಬು ಹುಟ್ಟದು. ಇದೇ ಸಂಸ್ಥೆಯ ಪಿಐಡಿಜಿ ಮಾದರಿಯಲ್ಲಿ ನೈಲಾನ್ ಹೊದಿಕೆಯಡಿ ಇನ್ನೊಂದು ಲೋಹದ ತೋಳಿದ್ದು, ತಂತಿಯ ಹೊರಕವಚವನ್ನೂ ಹಿಡಿಯುವುದರಿಂದ ಕಂಪನದ ಪೆಟ್ಟು ಎಳೆಗಳಿಗೆ ನೇರ ತಾಗದು. ವಿಮಾನಕ್ಕೆ ಬಳಸುವ ತಂತಿಯ ತಾಮ್ರಕ್ಕೆ ಸಾಮಾನ್ಯವಾಗಿ ತವರದ ಲೇಪವಿರುತ್ತದೆ, ಹಿತ್ತಾಳೆ ಪಾತ್ರೆಗೆ ಹಾಕಿಸುವ ಕಲಾಯಿಯಂತೆ.

ಗ್ರೀಸ್, ಸೀಲಂಟ್, ಗ್ರೌಂಡ್

ಸಿಲಿಕೋನ್ ಗ್ರೀಸ್ ವಿದ್ಯುತ್ತನ್ನು ಹರಿಯಬಿಡುವ ವಸ್ತುವಲ್ಲ; ಲೋಹದ ಉಬ್ಬುಗಳು ಅದನ್ನು ತಳ್ಳಿ ಮುಟ್ಟುತ್ತವೆ, ಸುತ್ತಲಿನ ಗ್ರೀಸ್ ತೇವ ತಡೆಯುತ್ತದೆ. ಕೆಟ್ಟ ಕ್ರಿಂಪನ್ನು ಅದು ಸರಿಪಡಿಸದು. ವಿನೆಗರ್ ವಾಸನೆ ಬರುವ ಸಿಲಿಕೋನ್ ಸೀಲಂಟ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುವುದರಿಂದ ತಾಮ್ರದ ಬಳಿ ಸಲ್ಲದು. ಅಲ್ಯುಮಿನಿಯಂ ಮೈಗೆ ಗ್ರೌಂಡ್ ಕೊಡುವಲ್ಲಿ ಬಣ್ಣ, ಆಕ್ಸೈಡ್ ತೆಗೆದು, ತವರ ಲೇಪಿತ ಟರ್ಮಿನಲ್ಲನ್ನು ಬಿಗಿದು, ಆಮೇಲೆ ಹೊರಗಿನಿಂದ ಮುಚ್ಚುವುದು ರೂಢಿ.

ಗಾಜುನಾರಿನ ವಿಮಾನಗಳ ಮೈ ವಿದ್ಯುತ್ತನ್ನು ಹಿಂದಕ್ಕೆ ಒಯ್ಯದು. ಪ್ರತಿ ದೀಪಕ್ಕೂ ಎರಡನೆಯ ತಂತಿ ಬೇಕು, ಅಷ್ಟರಮಟ್ಟಿಗೆ ಸಂಪರ್ಕಗಳೂ ಹೆಚ್ಚು. ಬರ್ಟ್ ರುಟಾನ್ ವಿನ್ಯಾಸದ ಲಾಂಗ್-ಈಝಿ ಇಂಥದ್ದು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವೂ 1980ರ ದಶಕದಲ್ಲಿ ಅದೇ ವಿನ್ಯಾಸದ ಆಧಾರದ ಮೇಲೆ ಒಂದು ಸಂಶೋಧನಾ ವಿಮಾನ ಕಟ್ಟಿತ್ತು.

ತಪಾಸಣೆ

ಕನೆಕ್ಟರ್ ಬಿಚ್ಚುವ ಮೊದಲು ವೋಲ್ಟೇಜ್ ಇಳಿತ ಅಳೆಯುವುದು ಮೇಲು. ಸದಾ ನಡೆಯುವ 14 ವೋಲ್ಟ್ ಮಂಡಲದಲ್ಲಿ ವಿದ್ಯುತ್ ಮೂಲದಿಂದ ಉಪಕರಣದವರೆಗೆ 0.5 ವೋಲ್ಟ್‌ಗಿಂತ ಹೆಚ್ಚು ಇಳಿಯಬಾರದೆಂದು ಅಮೆರಿಕದ ವಿಮಾನಯಾನ ಆಡಳಿತದ ಕೈಪಿಡಿ ಹೇಳುತ್ತದೆ. ತವರದ ಪಿನ್ನು ಬಿಚ್ಚಿ ಹಾಕಿದಷ್ಟೂ ಲೇಪ ಸವೆಯುತ್ತದೆ. ಹೀಗಾಗಿ ಇಳಿತ ಮಿತಿಯಲ್ಲಿದ್ದು, ಹೊರಗೆ ಕಿಲುಬು ಕಾಣದಿದ್ದರೆ, ಅನೇಕರು ಅದನ್ನು ಹಾಗೆಯೇ ಬಿಡುತ್ತಾರೆ.